ಮೈದಾನದಲ್ಲಿ ಮೌನ ಬೇಡ

ಕಳೆದ ಸಾಫ್ಟ್‌ಬಾಲ್ ಪಂದ್ಯದಲ್ಲಿ ಒಂದು ಸುಲಭದ ಕ್ಯಾಚ್ ನಮ್ಮ ಕೈತಪ್ಪಿತು. ಶಾರ್ಟ್‌ಸ್ಟಾಪ್‌ನಲ್ಲಿದ್ದ ನಾನು ಲೆಫ್ಟ್ ಫೀಲ್ಡರ್ ಹಿಡಿಯುತ್ತಾಳೆಂದು ನಿಂತೆ. ಅವಳು ನಾನು ಹಿಡಿಯುತ್ತೇನೆಂದು ನಿಂತಳು. ಚೆಂಡು ಇಬ್ಬರ ನಡುವೆ ಬಿತ್ತು. ‘ನಂದು’ ಅಂತಲೋ ‘ಮೇರಾ’ ಅಂತಲೋ ಒಬ್ಬಳು ಕೂಗಿದ್ದರೆ ಸಾಕಿತ್ತು.

ಹುಡುಗಿಯರು ದನಿ ಎತ್ತಬಾರದೆಂದು ಚಿಕ್ಕಂದಿನಿಂದ ಕೇಳಿದ್ದೇವೆ. ಆದರೆ ಸಾಫ್ಟ್‌ಬಾಲ್‌ನಲ್ಲಿ ಒಂದು ಬೇಸ್‌ನಿಂದ ಇನ್ನೊಂದಕ್ಕೆ ಬರೀ 60 ಅಡಿ. ಚೆಂಡನ್ನು ಎಲ್ಲಿಗೆ ಎಸೆಯಲಿ ಎಂದು ಯೋಚಿಸುವಷ್ಟರಲ್ಲಿ ಓಟಗಾರ್ತಿ ಬೇಸ್ ಮುಟ್ಟಿರುತ್ತಾಳೆ. ಎಷ್ಟು ಔಟ್ ಆಗಿದೆ, ಎಲ್ಲಿಗೆ ಎಸೆಯಬೇಕು ಎಂದು ಮೊದಲೇ ಕೂಗಿ ಹೇಳುವುದು ಗಲಾಟೆಯಲ್ಲ, ಜವಾಬ್ದಾರಿ. ಎದುರಾಳಿಯನ್ನು ಅಣಕಿಸುವುದು ತಪ್ಪು. ಜೊತೆಗಾರ್ತಿಯನ್ನು ಎಚ್ಚರಿಸದಿರುವುದೂ ತಪ್ಪೇ.

ಪ್ರಥಮ ಪಿಯುಸಿಯ ತಂಗಿಯರೇ, ನಾಳೆ ಅಭ್ಯಾಸಕ್ಕೆ ಬಂದಾಗ ನಾಚಿಕೊಳ್ಳದೆ ಕೂಗಿ. ಮೊದಲು ನಾನೇ ಕೂಗುತ್ತೇನೆ.