ಚಿಕ್ಕಮ್ಮನ ‘ಇನ್ನೊಂದು ವರ್ಷ’ದ ಲೆಕ್ಕ

ಹೋದ ಭಾನುವಾರ ನಮ್ಮ ಚಿಕ್ಕಮ್ಮ ಪಿಎಫ್ ಕಾಗದಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಮನೆಗೆ ಬಂದಿದ್ದರು. ಮದ್ದೂರು ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಅವರು ಟೈಲರ್. ವಯಸ್ಸು 57. ಬೆಳಗ್ಗೆ ಏಳಕ್ಕೆ ವ್ಯಾನ್ ಹತ್ತಿದರೆ ವಾಪಸ್ ಬರೋದು ಕತ್ತಲಾದ ಮೇಲೆ.

“ಪೇಪರ್‌ನೋನಲ್ವಾ ನೀನು, ನೋಡಿ ಹೇಳು ಮಗ. ಬಿಟ್ಬಿಡ್ಲಾ, ಇನ್ನೊಂದು ವರ್ಸ ತಳ್ಳಲಾ?”

ಮಂಡಿ ನೋವು ಎರಡು ವರ್ಷದಿಂದ ಇದೆ. ಸೂಜಿಗೆ ದಾರ ಪೋಣಿಸೋಕೆ ಪಕ್ಕದ ಮೆಷಿನ್ ಹುಡುಗಿಯನ್ನು ಕರೀಬೇಕು. ಆದರೆ ಮನೆಯಲ್ಲಿ ಎಲ್ಲರದ್ದೂ ಒಂದೇ ಮಾತು: “58 ತುಂಬಿಸಿಬಿಡು, ಪೆನ್ಷನ್ ಜಾಸ್ತಿ ಬರುತ್ತೆ.”

ಎಷ್ಟು ಜಾಸ್ತಿ? ಅದನ್ನು ಯಾರೂ ಕೂತು ಲೆಕ್ಕ ಹಾಕಿರಲಿಲ್ಲ. ಇಬ್ಬರೂ ಹಾಕಿದೆವು.

ಪಿಎಫ್ ಪೆನ್ಷನ್ ಲೆಕ್ಕ ಕಷ್ಟದ್ದಲ್ಲ. ಪಿಎಫ್ ಕಟ್ ಆಗುವ ಸಂಬಳದ ಕೊನೆಯ 60 ತಿಂಗಳ ಸರಾಸರಿ ತಗೊಳ್ಳಿ. ಅದನ್ನು ಸರ್ವೀಸಿನ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿ. ಸಂಬಳ ಎಷ್ಟೇ ಇದ್ದರೂ ಸಾಮಾನ್ಯವಾಗಿ 15,000ದವರೆಗೆ ಮಾತ್ರ ಲೆಕ್ಕಕ್ಕೆ ಬರುತ್ತದೆ. 2014ರ ಸೆಪ್ಟೆಂಬರ್‌ಗಿಂತ ಹಿಂದಿನ ಸರ್ವೀಸಿಗೆ ಈ ಮಿತಿ 6,500.

ಚಿಕ್ಕಮ್ಮ ಈ ಕೆಲಸಕ್ಕೆ ಸೇರಿದ್ದು 2009ರಲ್ಲಿ. ಅದಕ್ಕೂ ಮುಂಚೆ ಬೇರೆ ಕಡೆ ದುಡಿದಿದ್ದರು. ಮಗಳ ಮದುವೆಗೆ ಅಲ್ಲಿನ ಪಿಎಫ್ ಪೂರ್ತಿ ತೆಗೆದಿದ್ದರಿಂದ ಆ ಸರ್ವೀಸು ಹೋಯಿತು. ಈಗ ಇರೋದು 16 ವರ್ಷ. ಪಿಎಫ್ ಸಂಬಳ 12,000.

ಇವತ್ತು ಕೆಲಸ ಬಿಟ್ಟು ಇವತ್ತೇ ಪೆನ್ಷನ್ ಕೇಳಿದರೆ ತಿಂಗಳಿಗೆ ಸುಮಾರು 2,250 ರೂಪಾಯಿ. 58ಕ್ಕೆ ಮೊದಲು ತಗೊಂಡರೆ ಪ್ರತಿ ವರ್ಷಕ್ಕೆ ಶೇ. 4ರಷ್ಟು ಕಡಿತ ಇದೆ. ಆ ಕಡಿತ ಕೊನೆವರೆಗೂ ಇರುತ್ತದೆ.

ಇವತ್ತು ಕೆಲಸ ಬಿಟ್ಟು, 58 ತುಂಬಿದ ಮೇಲೆ ಅರ್ಜಿ ಹಾಕಿದರೆ ಸುಮಾರು 2,350.

ಇನ್ನೊಂದು ವರ್ಷ ದುಡಿದು 58ಕ್ಕೆ ಬಿಟ್ಟರೆ ಸುಮಾರು 2,520.

ಅಂದರೆ ಒಂದು ವರ್ಷ ಪೂರ್ತಿ ವ್ಯಾನ್ ಹತ್ತಿ ಇಳಿದರೆ ಪೆನ್ಷನ್ನಿಗೆ ಸೇರೋದು ತಿಂಗಳಿಗೆ 170 ರೂಪಾಯಿ. ಗ್ರಾಚ್ಯುಟಿಗೆ ಹದಿನೈದು ದಿನದ ಸಂಬಳ, ಅಂದರೆ 6,900 ರೂಪಾಯಿ ಚಿಲ್ಲರೆ.

ಇಲ್ಲಿ ಬಹಳ ಜನ ಗಮನಿಸದ ವಿಷಯ ಒಂದಿದೆ. ಕೆಲಸ ಬಿಡೋದು, ಪೆನ್ಷನ್ ತಗೊಳ್ಳೋದು ಎರಡೂ ಬೇರೆ ಬೇರೆ. ಮೈ ಆಗಲ್ಲ ಅಂದರೆ ಇವತ್ತೇ ಬಿಡಬಹುದು. ಪೆನ್ಷನ್ ಅರ್ಜಿ, ಅಂದರೆ ಫಾರಂ 10ಡಿ, 58 ತುಂಬಿದ ಮೇಲೆ ಕೊಟ್ಟರೆ ಶೇ. 4ರ ಕಡಿತ ಇಲ್ಲ.

ಹಾಗಂತ ಎಲ್ಲರೂ ನಾಳೆಯೇ ಬಿಡಿ ಅಂತ ನಾನು ಹೇಳ್ತಿಲ್ಲ. ಇಬ್ಬರಿಗೆ ಇನ್ನೊಂದು ವರ್ಷ ನಿಜವಾಗಿಯೂ ದೊಡ್ಡದು. ಒಂದು, ಸರ್ವೀಸು 9 ವರ್ಷ ಆಗಿರುವವರಿಗೆ. 10 ಆಗದಿದ್ದರೆ ತಿಂಗಳ ಪೆನ್ಷನ್ನೇ ಇಲ್ಲ. ಎರಡು, 19 ವರ್ಷ ಆಗಿರುವವರಿಗೆ. 20 ತುಂಬಿದರೆ ಲೆಕ್ಕಕ್ಕೆ ಇನ್ನೆರಡು ವರ್ಷ ಸೇರಿಸಿ ಕೊಡುತ್ತಾರೆ. ನಿಮ್ಮದು ಎಷ್ಟಾಗಿದೆ ಅಂತ ಮಕ್ಕಳಿಗೆ ಹೇಳಿ ಉಮಂಗ್ ಆ್ಯಪ್‌ನಲ್ಲಿ ನೋಡಿಸಿಕೊಳ್ಳಿ. ಹಳೇ ಕಂಪನಿಯ ಸರ್ವೀಸು ಸೇರದೇ ಇದ್ದರೆ ಮೊದಲು ಅದನ್ನು ಸೇರಿಸಿಸಿ.

ಇನ್ನೊಂದು ಎಚ್ಚರ. ಕನಿಷ್ಠ 5 ವರ್ಷ ಇಎಸ್‌ಐ ಇದ್ದು ನಿವೃತ್ತಿಯಾದವರಿಗೆ ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಗಂಡ ಹೆಂಡತಿ ಇಬ್ಬರಿಗೂ ಇಎಸ್‌ಐ ಆಸ್ಪತ್ರೆ ಸೌಲಭ್ಯ ಮುಂದುವರಿಯುತ್ತದೆ. ಸ್ವಯಂ ನಿವೃತ್ತಿ, ಅವಧಿಗೆ ಮುಂಚಿನ ನಿವೃತ್ತಿಗೂ ಇದು ಉಂಟು. ಬರೀ ರಾಜೀನಾಮೆ ಅಂತ ಬರೆದುಕೊಟ್ಟು ಬಂದರೆ ಸಿಗೋದು ಕಷ್ಟ. ಎಚ್‌ಆರ್‌ನವರು ಕೊಟ್ಟ ಕಾಗದಕ್ಕೆ ಸಹಿ ಹಾಕೋ ಮುಂಚೆ ಅದರಲ್ಲಿ ಏನು ಬರೆದಿದೆ ಅಂತ ಓದಿಸಿ.

ಲೆಕ್ಕ ಮುಗಿದ ಮೇಲೆ ಚಿಕ್ಕಮ್ಮ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ, “ಹಂಗಾದ್ರೆ ಪೆನ್ಸನ್‌ಗೋಸ್ಕರ ಅಲ್ಲ, ಸಂಬಳಕ್ಕೋಸ್ಕರ ಹೋಗು ಅಂತಾವ್ರೆ” ಅಂದರು.

ಅಷ್ಟೇ ವಿಷಯ. ಅವರ ಕೈಗೆ ಬರೋದು ತಿಂಗಳಿಗೆ ಹತ್ತೂವರೆ ಸಾವಿರದ ಹತ್ತಿರ. ವರ್ಷಕ್ಕೆ ಒಂದೂಕಾಲು ಲಕ್ಷ. ಮಗ ಮನೆ ಮೇಲೆ ಮಾಡಿರೋ ಸಾಲದ ಕಂತು ಅದರಲ್ಲೇ ಹೋಗ್ತಿದೆ. ಮಗ ಕೆಟ್ಟವನಲ್ಲ. ಆ ಕಂತು ಅವನಿಗೆ ನಿಜವಾದ ಕಷ್ಟವೇ. ಆದರೆ “ನಿನ್ನ ಒಳ್ಳೇದಕ್ಕೆ ಹೇಳ್ತಿದೀನಿ” ಅನ್ನೋದು ಬೇರೆ, “ಇನ್ನೊಂದು ವರ್ಷ ನನಗೆ ಸಹಾಯ ಮಾಡವ್ವ” ಅಂತ ಕೇಳೋದು ಬೇರೆ. ಎರಡನೇದನ್ನು ಬಾಯಿಬಿಟ್ಟು ಕೇಳಿದರೆ ಆಕೆ ಮಂಡಿ ನೋಡಿಕೊಂಡು ಹೂಂ ಅನ್ನಬಹುದು, ಊಹೂಂ ಅನ್ನಬಹುದು. ಮೊದಲನೇ ಮಾತಿಗೆ ಊಹೂಂ ಅನ್ನೋಕೆ ದಾರಿಯೇ ಇಲ್ಲ.

2016ರ ಏಪ್ರಿಲ್ ನೆನಪಿದೆಯಾ? ಬೆಂಗಳೂರಿನಲ್ಲಿ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆ, ತುಮಕೂರು ರಸ್ತೆಗೆ ಇಳಿದಿದ್ದರು. ಪಿಎಫ್‌ನಲ್ಲಿರೋ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯೋ ಹಾಗಿಲ್ಲ ಅನ್ನೋ ನಿಯಮದ ವಿರುದ್ಧ. ಕೊನೆಗೆ ಕೇಂದ್ರ ಸರ್ಕಾರ ಅದನ್ನು ವಾಪಸ್ ತಗೊಂಡಿತು. ಟಾರ್ಗೆಟ್ ಲೈನಿನಲ್ಲಿ 58ರವರೆಗೆ ಮೈ ತಡೆಯುತ್ತೆ ಅಂತ ನಂಬಿಕೊಂಡು ಕೂರೋಕಾಗಲ್ಲ ಅನ್ನೋದು ಆ ಹೆಣ್ಣುಮಕ್ಕಳಿಗೆ ಗೊತ್ತಿತ್ತು. ಮೆಷಿನ್ ಮುಂದೆ ದಿನಕ್ಕೆ ಎಂಟು ಗಂಟೆ ಬಗ್ಗಿ ಕೂತವರಿಗೂ ಆಫೀಸಿನಲ್ಲಿ ಕುರ್ಚಿ ಮೇಲೆ ಕೂತವರಿಗೂ ಅದೇ 58 ಅಂದರೆ ಹೇಗೆ?

ನನ್ನ ಅಭಿಪ್ರಾಯ ಇಷ್ಟು. ಇನ್ನೊಂದು ವರ್ಷ ದುಡಿಯೋದು ತಪ್ಪಲ್ಲ. ಯಾತಕ್ಕೆ, ಯಾರಿಗೋಸ್ಕರ, ಯಾವ ತಾರೀಖಿನವರೆಗೆ ಅನ್ನೋದನ್ನು ಮನೆಯವರೆಲ್ಲ ಕೂತು ಮಾತಾಡಿ ಮೊದಲೇ ಗೊತ್ತು ಮಾಡಿಕೊಳ್ಳಿ. ತಾರೀಖು ಇಲ್ಲದ ಇನ್ನೊಂದು ವರ್ಷ ಮುಗಿಯೋದೇ ಇಲ್ಲ.

ಚಿಕ್ಕಮ್ಮ ಇನ್ನೂ ತೀರ್ಮಾನ ಮಾಡಿಲ್ಲ. ಲೆಕ್ಕದ ಚೀಟಿಯನ್ನು ಮಡಚಿ ಅದೇ ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಹೋದರು. ಮಗನ ಕೈಗೆ ಕೊಡ್ತೀನಿ, ಅವನೂ ಓದಲಿ ಅಂದಿದ್ದಾರೆ.