ನೀಲಿ ಹೋಸಿನ ಮೋಹ

ಸ್ವಂತ ಕೈಯಿಂದ ಕಾರು ಕಟ್ಟುವವರು ಎಂಜಿನ್ ಆಯ್ಕೆಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಷಾಸಿಯ ಒಂದೊಂದು ವೆಲ್ಡಿಂಗನ್ನೂ ತಿರುಗಿ ತಿರುಗಿ ನೋಡುತ್ತಾರೆ. ಕೂಲೆಂಟ್ ಹೋಸಿನ ಸರದಿ ಬಂದಾಗ ಮಾತ್ರ ಬಣ್ಣ ನೋಡಿ ಕೊಳ್ಳುತ್ತಾರೆ. ಹೊಳೆಯುವ ನೀಲಿ ಸಿಲಿಕೋನ್ ಹೋಸ್ ಹಾಕಿದರೆ ಬಾನೆಟ್ ಎತ್ತಿದಾಗ ರೇಸ್ ಕಾರಿನ ಕಳೆ ಬರುತ್ತದೆ, ನಿಜ. ಆದರೆ ಇಂಥ ಹೆಚ್ಚಿನ ಕಾರುಗಳಿಗೆ ಕಪ್ಪು ಇಪಿಡಿಎಂ ರಬ್ಬರೇ ಸರಿ ಎಂಬುದು ನನ್ನ ವಾದ.

ಮೊದಲು ಶಾಖದ ಲೆಕ್ಕ. ರೇಡಿಯೇಟರ್ ಮುಚ್ಚಳ ಸುಮಾರು 1 ಬಾರ್ ಒತ್ತಡ ಹಿಡಿದಿಟ್ಟರೆ ಬರೀ ನೀರು ಕೂಡ 120 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ಎಂಜಿನ್ ಮಾಮೂಲಾಗಿ ಓಡುವುದು 90ರ ಆಸುಪಾಸಿನಲ್ಲಿ. ಒಳ್ಳೆಯ ಇಪಿಡಿಎಂ ಹೋಸ್ ಸುಮಾರು 125 ಡಿಗ್ರಿ ತಾಳುತ್ತದೆ. ಸಿಲಿಕೋನ್ 175ರ ಆಚೆಗೂ ತಾಳುತ್ತದೆ ಎಂಬುದು ಅದರ ದೊಡ್ಡ ಹೆಗ್ಗಳಿಕೆ. ಆದರೆ ಕೂಲೆಂಟ್ ಆ ಮಟ್ಟ ಮುಟ್ಟುವ ಹೊತ್ತಿಗೆ ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ ಹೋಗಿರುತ್ತದೆ. ಬೇಡದ ತಾಳಿಕೆಗೆ ಹಣ ಕೊಟ್ಟು ಪ್ರಯೋಜನವೇನು?

ಸಿಲಿಕೋನಿಗೆ ಅದರದೇ ತಕರಾರುಗಳಿವೆ. ಅದರ ಗೋಡೆಯ ಮೂಲಕ ನೀರಾವಿ ನಿಧಾನವಾಗಿ ಹೊರಹೋಗುತ್ತದೆ. ಎಲ್ಲೂ ಸೋರದೆಯೇ ಕೂಲೆಂಟ್ ಮಟ್ಟ ಇಳಿಯುತ್ತದೆ. ಮೆದುವಾದ್ದರಿಂದ ಸಾಮಾನ್ಯ ಸ್ಕ್ರೂ ಕ್ಲಿಪ್ಪಿನ ಗೀರುಗಳು ಅದನ್ನು ಕೊಯ್ಯುತ್ತವೆ. ಒಳಗೆ ನುಣುಪು ಪಟ್ಟಿಯಿರುವ ಕ್ಲಿಪ್ಪೇ ಬೇಕು. ಟರ್ಬೊ ಅಥವಾ ಎಗ್ಸಾಸ್ಟ್ ಪಕ್ಕದಲ್ಲಿ ಹಾಯುವ ತುಂಡಿಗೆ ಸಿಲಿಕೋನ್ ಹಾಕಿ, ಅಲ್ಲಿ ಅದಕ್ಕೆ ಕೆಲಸವಿದೆ.

ಇಪಿಡಿಎಂ ಕೂಡ ದೋಷವಿಲ್ಲದ್ದಲ್ಲ. ಎಣ್ಣೆ ತಾಗಿದರೆ ಉಬ್ಬುತ್ತದೆ. ಕೂಲೆಂಟ್ ಮತ್ತು ಲೋಹ ಸೇರುವಲ್ಲಿ ಆಗುವ ವಿದ್ಯುತ್‌ರಾಸಾಯನಿಕ ಕ್ರಿಯೆಯಿಂದ ಒಳಗಿನಿಂದಲೇ ಸೀಳುತ್ತ ಬರುತ್ತದೆ. ಮೇಲೆ ಥಳಕು ಒಳಗೆ ಹುಳುಕು ಅಂತಾರಲ್ಲ, ಹಾಗೆ. ಎಂಜಿನ್ ತಣ್ಣಗಿರುವಾಗ ಕ್ಲಿಪ್ಪಿನ ಹತ್ತಿರ ಒಮ್ಮೆ, ನಡುವೆ ಒಮ್ಮೆ ಹಿಸುಕಿ ನೋಡಿ. ತುದಿ ಹೆಚ್ಚು ಮೆತ್ತಗಿದ್ದರೆ ಬದಲಾಯಿಸುವ ಕಾಲ ಬಂತು. ಆದರೆ ಬದಲಾಯಿಸುವುದು ಸುಲಭ ಎಂಬುದೇ ಇಪಿಡಿಎಂನ ಬಲ. ಮಾರುತಿ 800ರಂಥ ಕಾರಿನ ಅಚ್ಚು ಹೋಸಿನ ಬಾಗು ನಿಮ್ಮ ವಿನ್ಯಾಸಕ್ಕೆ ಹೊಂದುವಂತೆ ಮೊದಲೇ ಯೋಚಿಸಿದರೆ ಬೆಂಗಳೂರಿನ ಜೆ.ಸಿ. ರೋಡ್, ಚೆನ್ನೈನ ಜಿ.ಪಿ. ರೋಡ್, ದಿಲ್ಲಿಯ ಕಶ್ಮೀರಿ ಗೇಟ್, ಎಲ್ಲಿ ಬೇಕಾದರೂ ಹುಡುಕಬಹುದು. ಅಳತೆ ಕೊಟ್ಟು ತರಿಸಿದ ನೀಲಿ ಹೋಸ್ ಹೆದ್ದಾರಿಯಲ್ಲಿ ಒಡೆದರೆ ಯಾವ ಅಂಗಡಿಗೆ ಓಡುತ್ತೀರಿ?

ವಸ್ತುವಿಗಿಂತ ಮುಖ್ಯವಾದದ್ದು ಇನ್ನೊಂದಿದೆ. ಎಂಜಿನ್ ಅಲುಗುತ್ತದೆ, ಷಾಸಿ ಅಲುಗುವುದಿಲ್ಲ. ಆ ವ್ಯತ್ಯಾಸವನ್ನು ನುಂಗುವುದಷ್ಟೇ ಹೋಸಿನ ಕೆಲಸ. ಎಂಜಿನ್ ಹಿಂದೆ, ರೇಡಿಯೇಟರ್ ಮುಂದೆ ಇರುವ ಕಾರಿನಲ್ಲಿ ಉದ್ದಕ್ಕೂ ಅಲ್ಯೂಮಿನಿಯಂ ಪೈಪ್ ಎಳೆದು ಎರಡು ತುದಿಗೆ ಮಾತ್ರ ಚಿಕ್ಕ ಹೋಸ್ ಕೊಡಿ. ಪೈಪಿನ ತುದಿಯಲ್ಲಿ ಉಬ್ಬು ಅಂಚು ಇರಲಿ, ಇಲ್ಲದಿದ್ದರೆ ಒತ್ತಡಕ್ಕೆ ಹೋಸ್ ಜಾರಿ ಕಳಚುತ್ತದೆ. ಪಂಪ್ ಎಳೆದುಕೊಳ್ಳುವ ಬದಿಯ ಹೋಸ್ ಚಪ್ಪಟೆಯಾಗದಷ್ಟು ಗಟ್ಟಿಯಿರಲಿ. ತೋಟದ ಪ್ಲಾಸ್ಟಿಕ್ ಪೈಪನ್ನಂತೂ ಹತ್ತಿರ ಸೇರಿಸಬೇಡಿ.

ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆಯುವ ಫಾರ್ಮುಲಾ ಭಾರತ್‌ನಂಥ ಸ್ಪರ್ಧೆಗಳಲ್ಲಿ ವಿದ್ಯಾರ್ಥಿಗಳ ಕಾರುಗಳಿಗೆ ಬರೀ ನೀರೇ ಕೂಲೆಂಟ್. ಗ್ಲೈಕಾಲ್ ಚೆಲ್ಲಿದರೆ ಟ್ರ್ಯಾಕ್ ಜಾರುತ್ತದೆ, ಹಿಂದೆ ಬರುವವನು ಬೀಳುತ್ತಾನೆ. ಹೋಸ್ ಒಡೆಯಬಹುದು ಎಂದು ಮೊದಲೇ ಒಪ್ಪಿಕೊಂಡು ಮಾಡಿದ ನಿಯಮ ಅದು. ನಾವೂ ಅದೇ ಲೆಕ್ಕದಲ್ಲಿ ಯೋಚಿಸಬೇಕು. ಪೈಪ್ ಹಾಯುವುದು ಚಾಲಕನ ಕಾಲ ಪಕ್ಕದಲ್ಲಾದರೆ ನಡುವೆ ಒಂದು ತಗಡಿನ ಗೋಡೆ ಇರಲೇಬೇಕು. ಒಡೆದಾಗ ಚಿಮ್ಮುವ ಕುದಿನೀರಿಗೆ ಹೋಸಿನ ಬಣ್ಣ ಯಾವುದೆಂದು ಗೊತ್ತಿರುವುದಿಲ್ಲ.