ಅಂಚಿನಿಂದ ಬರುವ ಆಟಕ್ಕೆ ಕಪ್ಪಿನ ಉತ್ತರ

ಬನಶಂಕರಿ ಎರಡನೇ ಹಂತದ ಒಂದು ಮನೆಯನ್ನು ಊಹಿಸಿಕೊಳ್ಳಿ. ಭಾನುವಾರ ಸಂಜೆ. ಎಂಟನೇ ತರಗತಿಯ ಹುಡುಗ ಚದುರಂಗದ ಪಂದ್ಯಾವಳಿ ಮುಗಿಸಿಕೊಂಡು ಬಂದಿದ್ದಾನೆ. ಬಿಳಿ ಕಾಯಿಗಳಲ್ಲಿ ಚೆನ್ನಾಗಿ ಆಡಿದವನು ಕಪ್ಪು ಕಾಯಿಗಳು ಬಂದ ಮೂರೂ ಆಟಗಳನ್ನು ಸೋತಿದ್ದಾನೆ. ‘ಅವರು ಯಾರೂ ರಾಜನ ಮುಂದಿನ ಕಾಲಾಳನ್ನು ತಳ್ಳಲೇ ಇಲ್ಲ. ನಾನು ಕಲಿತದ್ದು ಒಂದೂ ಬರಲಿಲ್ಲ’ ಎಂಬುದು ಅವನ ದೂರು. ಇನ್ನೊಂದು ದಪ್ಪ ಪುಸ್ತಕ ಕೊಡಿಸಬೇಕೆಂದು ತಂದೆಯ ಯೋಚನೆ. ಪರೀಕ್ಷೆ ಹತ್ತಿರವಾಯಿತು, ಆಟವನ್ನೇ ಬಿಡಿಸೋಣವೆಂದು ತಾಯಿಯ ಮಾತು.

ಇಬ್ಬರೂ ಸ್ವಲ್ಪ ತಡೆಯಬೇಕು. ಹುಡುಗನ ಬುದ್ಧಿಗೆ ಏನೂ ಆಗಿಲ್ಲ. ಬಾಯಿಪಾಠ ಮಾಡಿಕೊಂಡು ಹೋದ ಪ್ರಶ್ನೆ ಪತ್ರಿಕೆಯಲ್ಲಿ ಬರಲಿಲ್ಲ, ಅಷ್ಟೆ. ವಿಜ್ಞಾನದ ವಿದ್ಯಾರ್ಥಿಗೆ ಇದು ಹೊಸ ಅನುಭವವೇನಲ್ಲ. ಸೂತ್ರ ಗೊತ್ತು, ಅದು ಏಕೆ ಹಾಗಿದೆಯೆಂದು ಗೊತ್ತಿಲ್ಲ. ಲೆಕ್ಕದ ರೂಪ ಬದಲಾದೊಡನೆ ಕೈ ನಿಲ್ಲುತ್ತದೆ.

ಚದುರಂಗದ ಮಣೆಯಲ್ಲಿ ನಡುವಿನ ನಾಲ್ಕು ಮನೆಗಳಿಗೆ ಬೆಲೆ ಹೆಚ್ಚು. ಅವೆಂದರೆ ಡಿ4, ಇ4, ಡಿ5 ಮತ್ತು ಇ5. ಮೂಲೆಯಲ್ಲಿ ನಿಂತ ಕುದುರೆಗೆ ಹೋಗಲು ಎರಡೇ ಮನೆ, ನಡುವೆ ನಿಂತರೆ ಎಂಟು. ಆದ್ದರಿಂದ ಕಾಲಾಳುಗಳನ್ನು ನೇರವಾಗಿ ನಡುವಿಗೆ ತಳ್ಳಿ ಜಾಗ ಹಿಡಿಯುವುದು ಹಳೆಯ ಪದ್ಧತಿ. ಪಾರ್ಶ್ವದ ಆರಂಭಗಳು ಇನ್ನೊಂದು ದಾರಿ ಹಿಡಿಯುತ್ತವೆ. ಸಿ4, ಬಿ3, ಜಿ3, ಕುದುರೆ ಎಫ್3 ಇಂತಹ ನಡೆಗಳಿಂದ ಬಿಳಿ ಅಂಚಿನಲ್ಲಿ ನಿಂತು ನಡುವನ್ನು ಕಾಯುತ್ತದೆ. ಜಿ2ರಲ್ಲಿ ಕುಳಿತ ಒಂಟೆ ದೂರದಿಂದಲೇ ಇ4, ಡಿ5 ಮನೆಗಳ ಮೇಲೆ ಕಣ್ಣಿಟ್ಟಿರುತ್ತದೆ. ಎದುರಾಳಿ ನಡುವನ್ನು ತುಂಬಿಕೊಳ್ಳಲಿ, ಆಮೇಲೆ ಅದನ್ನು ಒಡೆಯೋಣ ಎಂಬುದು ಅದರ ಲೆಕ್ಕಾಚಾರ.

ಈ ವಿಚಾರದ ದೊಡ್ಡ ಪರೀಕ್ಷೆ ನಡೆದದ್ದು 1924ರ ನ್ಯೂಯಾರ್ಕ್ ಪಂದ್ಯಾವಳಿಯಲ್ಲಿ. ಆಗಿನ ವಿಶ್ವ ಚಾಂಪಿಯನ್ ಕಾಪಾಬ್ಲಾಂಕ ಎಂಟು ವರ್ಷಗಳಿಂದ ಒಂದು ಆಟವನ್ನೂ ಸೋತಿರಲಿಲ್ಲ. ರಿಚರ್ಡ್ ರೇಟಿ ಕುದುರೆಯನ್ನು ಎಫ್3ಕ್ಕೆ ನಡೆಸಿ ಆಟ ಆರಂಭಿಸಿ ಅವರನ್ನು ಸೋಲಿಸಿದರು. ಆದರೆ ಕಪ್ಪಿನ ಉತ್ತರವೂ ಅದೇ ಪಂದ್ಯಾವಳಿಯಲ್ಲೇ ಬಂದಿತು. 55 ವರ್ಷದ ಇಮ್ಯಾನುಯೆಲ್ ಲಾಸ್ಕರ್ ರೇಟಿಯ ಅಂಚಿನ ಆಟಕ್ಕೆ ಡಿ5, ಸಿ6 ಕಾಲಾಳುಗಳ ಗಟ್ಟಿ ಗೋಡೆ ಕಟ್ಟಿ, ಒಂಟೆಯನ್ನು ಮೊದಲೇ ಎಫ್5ಕ್ಕೆ ಹೊರತಂದು, ಆಟವನ್ನು ಗೆದ್ದರು, ಪಂದ್ಯಾವಳಿಯನ್ನೂ ಗೆದ್ದರು. ವಿದ್ಯಾರ್ಥಿಗೆ ಬೇಕಾದ ಪಾಠ ಇಲ್ಲಿದೆ. ಬಿಳಿ ನಡುವನ್ನು ಬಿಟ್ಟುಕೊಟ್ಟಿದ್ದರೆ ಕಪ್ಪು ಅದನ್ನು ತೆಗೆದುಕೊಳ್ಳಬೇಕು; ಆದರೆ ಹಿಡಿದಿಟ್ಟುಕೊಳ್ಳಲು ಆಗುವಷ್ಟನ್ನು ಮಾತ್ರ.

ಇನ್ನು ಉತ್ತರಗಳ ಪಟ್ಟಿಗೆ ಬರೋಣ. ಮೂರು ಗುಂಪು ಸಾಕು.

ಮೊದಲನೆಯದು ಸಿ4, ಅಂದರೆ ಇಂಗ್ಲಿಷ್ ಆರಂಭ. ಇದಕ್ಕೆ ನೇರ ಉತ್ತರ ಇ5. ಈಗ ಮಣೆಯನ್ನು ತಿರುಗಿಸಿ ನೋಡಿದರೆ ಸಿಸಿಲಿಯನ್ ರಕ್ಷಣೆಯೇ ಕಾಣುತ್ತದೆ. ಆದರೆ ಬಿಳಿಯ ಕೈಯಲ್ಲಿ ಒಂದು ನಡೆ ಹೆಚ್ಚಿಗೆ ಇದೆ. ಹಾಗಾಗಿ ಕಪ್ಪು ಅವಸರದ ದಾಳಿಗೆ ಇಳಿಯಬಾರದು. ಕುದುರೆಗಳನ್ನು ಎಫ್6 ಮತ್ತು ಸಿ6ಕ್ಕೆ ತಂದು, ನಂತರ ಡಿ5 ತಳ್ಳುವುದು ಒಳ್ಳೆಯ ಯೋಜನೆ. ಕಾಲಾಳುಗಳ ವಿನಿಮಯವಾಗಿ ಕಪ್ಪು ಕುದುರೆ ಡಿ5ರಲ್ಲಿ ನಿಂತಾಗ, ಬಿಳಿ ಒಂಟೆ ಜಿ2ರಿಂದ ಅದನ್ನು ನೋಡುತ್ತಿರುತ್ತದೆ. ಆಗ ಕುದುರೆಯನ್ನು ಬಿ6ಕ್ಕೆ ಸರಿಸಿ, ಒಂಟೆಯನ್ನು ಇ7ಕ್ಕೆ ತಂದು, ರಾಜನಿಗೆ ಕೋಟೆ ಕಟ್ಟಿದರೆ ಆಟ ಸಮಸಮ.

ಎರಡನೆಯದು ಕುದುರೆ ಎಫ್3. ಇಲ್ಲಿ ಇ5 ಆಗದು, ಕುದುರೆ ಅದನ್ನು ಸುಮ್ಮನೆ ತಿಂದುಬಿಡುತ್ತದೆ. ಡಿ5 ಉತ್ತಮ. ಬಿಳಿ ಜಿ3 ಎಂದು ನಿಧಾನವಾಗಿ ಬಂದರೆ, ಕುದುರೆ ಎಫ್6, ಕಾಲಾಳು ಸಿ6, ಒಂಟೆ ಜಿ4, ಇನ್ನೊಂದು ಕುದುರೆ ಡಿ7, ಆಮೇಲೆ ಇ5. ಬಿಳಿ ಡಿ3ರಲ್ಲೇ ನಿಂತಿದ್ದರೆ ನಡುವೆಲ್ಲ ಕಪ್ಪಿನದೇ. ಬದಲಿಗೆ ಬಿಳಿ ಸಿ4 ತಳ್ಳಿದರೆ ಲಾಸ್ಕರ್ ಅವರ ಗೋಡೆ ಇದ್ದೇ ಇದೆ. ಎಚ್ಚರಿಕೆ ಎರಡು. ಒಂಟೆ ಹೊರಬಂದ ಮೇಲೆಯೇ ಇ6 ತಳ್ಳಬೇಕು, ಇಲ್ಲವಾದರೆ ಅದು ಮನೆಯೊಳಗೇ ಬಂದಿ. ಒಂಟೆ ಹೊರಟ ಮೇಲೆ ಬಿ7ರ ಕಾಲಾಳಿಗೆ ಕಾವಲಿಲ್ಲ; ಬಿಳಿ ರಾಣಿ ಬಿ3ಕ್ಕೆ ಬಂದಾಗ ಅದು ನೆನಪಿರಬೇಕು.

ಮೂರನೆಯ ಗುಂಪು ಅಪರೂಪದ ನಡೆಗಳದು. ಬಿ3ಕ್ಕೆ ಇ5 ಉತ್ತರ. 1970ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಸೋವಿಯತ್ ಒಕ್ಕೂಟಕ್ಕೂ ಉಳಿದ ಜಗತ್ತಿಗೂ ಪಂದ್ಯ ನಡೆದಾಗ ಬೆಂಟ್ ಲಾರ್ಸೆನ್ ಬಿ3 ಆಡಿದರು. ಸ್ಪಾಸ್ಕಿ ಕಪ್ಪಿನಲ್ಲಿ ಕಾಯಿಗಳನ್ನು ಬೇಗಬೇಗ ಹೊರತಂದು, ಒಂದು ಆನೆಯನ್ನೇ ಬಲಿಕೊಟ್ಟು, 17 ನಡೆಗಳಲ್ಲಿ ಆಟ ಮುಗಿಸಿದರು. ಬಿ4ಕ್ಕೂ ಇ5 ಸಾಕು. ಒಂಟೆಗಳು ಬಿ4 ಮತ್ತು ಇ5 ಕಾಲಾಳುಗಳನ್ನು ತಿಂದುಕೊಂಡರೆ, ಕಪ್ಪು ನಡುವಿನ ಕಾಲಾಳು ಕಳೆದುಕೊಂಡರೂ ಕಾಯಿಗಳು ಬೇಗ ಹೊರಬರುತ್ತವೆ. ಎಫ್4ಕ್ಕೆ ಡಿ5.

ಈ ಪಟ್ಟಿಗಿಂತ ಮುಖ್ಯವಾದ ಮಾತೊಂದಿದೆ. ಪಾರ್ಶ್ವದ ಆರಂಭ ವೇಷಧಾರಿ. ಕುದುರೆ ಎಫ್3 ಆಡಿದವನು ಮರುನಡೆಯಲ್ಲೇ ಡಿ4 ತಳ್ಳಬಹುದು. ಆಗ ಆಟ ರಾಣಿಯ ಕಾಲಾಳಿನ ಆರಂಭಕ್ಕೆ ಹೊರಳುತ್ತದೆ. ಕಪ್ಪು ಸಿ5 ಎಂದು ಉತ್ತರಿಸಿದ್ದರೆ, ಬಿಳಿ ಇ4 ತಳ್ಳಿ ಸಿಸಿಲಿಯನ್‌ಗೆ ಎಳೆದುಕೊಂಡು ಹೋಗಬಹುದು. ಸಿಸಿಲಿಯನ್ ಕಲಿಯದ ಹುಡುಗ ತಾನಾಗಿಯೇ ಬಲೆಗೆ ಬಿದ್ದಂತೆ. ಆದ್ದರಿಂದ ಮೊದಲು ಡಿ4ಕ್ಕೆ ತನ್ನ ಉತ್ತರ ಯಾವುದೆಂದು ತೀರ್ಮಾನಿಸಿಕೊಂಡು, ಅದಕ್ಕೆ ಹೊಂದುವಂತೆ ಇವನ್ನು ಆರಿಸಬೇಕು. ಡಿ5, ಸಿ6ರ ಗೋಡೆ ಇಷ್ಟಪಡುವವನು ಸ್ಲಾವ್ ರಕ್ಷಣೆ ಕಲಿತರೆ ಎರಡು ಕೆಲಸವೂ ಒಟ್ಟಿಗೆ ಆಗುತ್ತವೆ.

ಇಷ್ಟು ಕಲಿತರೆ ಗೆಲುವು ಖಂಡಿತವೇ? ಸಿಂಗಪುರದಲ್ಲಿ 2024ರ ನವೆಂಬರ್-ಡಿಸೆಂಬರಿನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ಇದಕ್ಕೆ ಉತ್ತರ ಹೇಳುತ್ತದೆ. ಹನ್ನೊಂದನೇ ಆಟದಲ್ಲಿ ಗುಕೇಶ್ ಕುದುರೆ ಎಫ್3ರಿಂದ ಆರಂಭಿಸಿ ಗೆದ್ದರು. ಡಿಂಗ್ ಲಿರೆನ್ ಸಮಯದ ಒತ್ತಡದಲ್ಲಿ ತಪ್ಪಿದರು. ಮರುದಿನ ಡಿಂಗ್ ಇಂಗ್ಲಿಷ್ ಆರಂಭವನ್ನೇ ಆಡಿ ಸೇಡು ತೀರಿಸಿಕೊಂಡರು. ಹದಿನಾಲ್ಕನೆಯ, ಕೊನೆಯ ಆಟದಲ್ಲೂ ಡಿಂಗ್ ಕುದುರೆ ಎಫ್3, ಜಿ3 ಆಡಿದರು. ಕಪ್ಪಿನಲ್ಲಿದ್ದ ಗುಕೇಶ್ ಡಿ5, ಸಿ5 ಎಂದು ನಡುವನ್ನು ಕೇಳಿದರು. ಆರಂಭದಿಂದ ಅವರಿಗೆ ಸಿಕ್ಕಿದ್ದು ಆಡಬಹುದಾದ ಒಂದು ಸ್ಥಿತಿ, ಅಷ್ಟೇ. ಬಹುತೇಕ ಸಮವಾಗಿದ್ದ ಅಂತ್ಯದಾಟವನ್ನು ಬಿಡದೆ ಎಳೆದಾಗ, 55ನೇ ನಡೆಯಲ್ಲಿ ಡಿಂಗ್ ಆನೆಯನ್ನು ತಪ್ಪು ಮನೆಗೆ ಇಟ್ಟರು. 18 ವರ್ಷದ ಹುಡುಗ ವಿಶ್ವ ಚಾಂಪಿಯನ್ ಆದ. ಆರಂಭದ ಅಭ್ಯಾಸ ಬಾಗಿಲವರೆಗೆ ಕರೆದೊಯ್ಯುತ್ತದೆ. ಒಳಗಿನ ಕೆಲಸ ಬೇರೆ.

ಹಾಗಾದರೆ ನಮ್ಮ ಬನಶಂಕರಿಯ ಹುಡುಗ ಏನು ಮಾಡಬೇಕು? ಪ್ರಯೋಗಾಲಯದ ದಾಖಲೆ ಪುಸ್ತಕದಂತೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಲಿ. ಎಡಕ್ಕೆ ಎದುರಾಳಿಯ ನಡೆ, ನಡುವೆ ತನ್ನ ಉತ್ತರ, ಬಲಕ್ಕೆ ‘ಏಕೆ?’ ಎಂಬುದಕ್ಕೆ ತನ್ನದೇ ಮಾತಿನಲ್ಲಿ ಒಂದು ವಾಕ್ಯ. ಆ ವಾಕ್ಯ ಬರೆಯಲಾಗದಿದ್ದರೆ ಆ ನಡೆ ಇನ್ನೂ ಕಲಿತಂತಲ್ಲ. ಪ್ರತಿ ಸೋಲಿನ ನಂತರ, ತನಗೆ ಅರ್ಥವಾಗದೇ ಹೋದ ಮೊದಲ ನಡೆ ಯಾವುದೆಂದು ಗುರುತು ಹಾಕಲಿ. ವಾರಕ್ಕೆ ಎರಡು ಸಂಜೆ ಸಾಕು, ಪಾಠಕ್ಕೆ ಅಡ್ಡಿಯಿಲ್ಲ.

ಪೋಷಕರಿಗೂ ಒಂದು ಮಾತು. ಬೆಂಗಳೂರಿನ ಪ್ರಣವ್ ಆನಂದ್ 2022ರಲ್ಲಿ 15ನೇ ವಯಸ್ಸಿನಲ್ಲೇ ಗ್ರ್ಯಾಂಡ್‌ಮಾಸ್ಟರ್ ಆದದ್ದು ಎಲ್ಲರ ಬಾಯಲ್ಲಿದೆ. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್, ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಅವರಿಗೆ 2017ರಲ್ಲಿ ಆ ಬಿರುದು ಬಂದಾಗ ವಯಸ್ಸು ಮೂವತ್ತು ದಾಟಿತ್ತು. ಮಕ್ಕಳ ಗಡಿಯಾರಗಳು ಒಂದೇ ವೇಗದಲ್ಲಿ ಓಡುವುದಿಲ್ಲ. ಮುಂದಿನ ಭಾನುವಾರ ಹುಡುಗ ಮನೆಗೆ ಬಂದಾಗ ‘ಗೆದ್ದೆಯಾ?’ ಎಂದು ಕೇಳುವ ಮೊದಲು ‘ಇವತ್ತು ಯಾವ ನಡೆ ಅರ್ಥವಾಯಿತು?’ ಎಂದು ಕೇಳಿ ನೋಡಿ. ಮಣೆ ಬಿಡಿಸಿ ತೋರಿಸಲು ಅವನೇ ಕೂರುತ್ತಾನೆ.